ಒಡ್ಡಿಗೊಂದು ಬಾಗಿಲು

ನಮ್ಮದು ಬಸವನಬಾಗೇವಾಡಿ ಕಡೆ ಐದು ಎಕರೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಹಿಂಗಾರಿ ಜೋಳ, ಕಡಲೆ ಬೆಳೆಯುತ್ತೇವೆ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಇಷ್ಟು ಮಳೆಗೆ ಮಣ್ಣು ಹೇಗೆ ಕೊಚ್ಚಿ ಹೋಗುತ್ತದೆ ಅಂತ ಕೇಳುವವರಿದ್ದಾರೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನಲ್ಲೇ, ನಾಲ್ಕಾರು ಹೊಡೆತದಲ್ಲಿ ಬೀಳುತ್ತದಲ್ವಾ? ಎರೆ ಮಣ್ಣು ನೆನೆದು ಹಿಗ್ಗಿ ಬಿರುಕು ಮುಚ್ಚಿಕೊಂಡರೆ ಮುಗೀತು, ಆಮೇಲೆ ಬಿದ್ದ ನೀರೆಲ್ಲ ಮೇಲೇ ಓಡುತ್ತದೆ. ಮೇಲಿನ ಮಡ್ಡಿಯ (ಕಲ್ಲುನೆಲದ) ನೀರು, ರಸ್ತೆ ಮೋರಿಯ ನೀರು ಸೇರಿ ನಮ್ಮ ಹೊಲದಲ್ಲಿ ಸೊಂಟದಾಳದ ಕೊರಕಲು ಬಿದ್ದಿತ್ತು.

ಮೊದಲ ವರ್ಷ ಜೆಸಿಬಿ ತರಿಸಿ ನೀರಿಗೆ ಅಡ್ಡಲಾಗಿ ಎತ್ತರದ ಮಣ್ಣಿನ ಒಡ್ಡು ಹಾಕಿಸಿದೆ. ಉತ್ತರೆ ಮಳೆಗೆ ಒಂದೇ ರಾತ್ರಿಯಲ್ಲಿ ಕಿತ್ತು ಹೋಯಿತು. ಬೆಳಿಗ್ಗೆ ಪಕ್ಕದ ಹೊಲದ ಕಾಕಾ ಬಂದು ನೋಡಿದರು. "ತಮ್ಮಾ, ಗ್ವಾಡಿ ಕಟ್ಟೀದಿ, ಬಾಗಲಾ ಇಟ್ಟಿಲ್ಲಲ್ಲೋ!"

ಮರುವರ್ಷ ಹೆಚ್ಚಾದ ನೀರು ಹೊರಗೆ ಹರಿಯಲು ಕಲ್ಲಿನ ಕೋಡಿ ಇಟ್ಟೆ. ಒಡ್ಡಿನ ತಲೆಗಿಂತ ಒಂದೂವರೆ ಅಡಿ ಕೆಳಗೆ, ಎಂಟಡಿ ಅಗಲ. ಅಲ್ಲೂ ಎಡವಿದೆ. ಬರೀ ಮಣ್ಣಿನ ಮೇಲೆ ಕಲ್ಲು ಜೋಡಿಸಿದ್ದೆ. ಕಲ್ಲು ಎಲ್ಲೂ ಹೋಗಲಿಲ್ಲ, ಆದರೆ ಸಂದಿಯಲ್ಲಿ ನೀರು ನುಗ್ಗಿ ಅಡಿಯ ಮಣ್ಣನ್ನೇ ಎಳೆದುಕೊಂಡು ಹೋಯಿತು. ಮುದುಕರ ಹಲ್ಲಿನ ಹಾಗೆ ಒಂದೊಂದೇ ಕುಸಿದವು. ಎಲ್ಲ ಕಿತ್ತು, ಗೇಣು ದಪ್ಪ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಸಿ ಬಡಿದು, ಅದರ ಮೇಲೆ ಕಲ್ಲು ಕೂರಿಸಿದೆ. ನೀರು ಧುಮುಕುವ ಜಾಗಕ್ಕೂ ಆರಡಿ ದೂರ ದಪ್ಪ ಕಲ್ಲು ಹಾಸಿದೆ. ಇಲ್ಲದಿದ್ದರೆ ಅಲ್ಲಿಂದಲೇ ಹೊಸ ಕೊರಕಲು ಶುರುವಾಗುತ್ತದೆ.

ಒಡ್ಡಿನ ಮಟ್ಟ ನೋಡಲು ಗೌಂಡಿಯ ಲೆವೆಲ್ ಪೈಪೇ (ನೀರು ತುಂಬಿ ಮಟ್ಟ ನೋಡುವ ಕೊಳವೆ) ಸಾಕಾಯಿತು. ಎರೆ ಹೊಲದಲ್ಲಿ ಒಡ್ಡಿನ ಸಾಲು ಪೂರ್ತಿ ಸಮಮಟ್ಟ ಇರಬಾರದು. ನೀರು ನಿಂತು ಜೋಳ ಹಳದಿಯಾಗುತ್ತದೆ. 100 ಅಡಿಗೆ ಮೂರ್ನಾಲ್ಕು ಇಂಚು ಕೋಡಿಯ ಕಡೆ ಇಳಿಜಾರು ಕೊಟ್ಟೆ. ಒಡ್ಡುಗಳ ನಡುವೆ ಸಣ್ಣ ಬದು ಎತ್ತಿ ಚೌಕು ಮಡಿ ಮಾಡಿದೆ. ಇಳಿಜಾರು ಜಾಸ್ತಿ ಇರುವಲ್ಲಿ ಮಡಿ ಸಣ್ಣದು.

ಒಂದು ಕೆಲಸ ಮಾತ್ರ ಪ್ರತಿವರ್ಷ ತಪ್ಪುವುದಿಲ್ಲ. ಬೇಸಿಗೆಯಲ್ಲಿ ಒಡ್ಡೂ ಬಿರಿಯುತ್ತದೆ, ಕೆಲವು ಬಿರುಕಿನಲ್ಲಿ ಮೊಣಕೈ ತನಕ ಕೈ ಹೋಗುತ್ತದೆ. ಮಳೆಗೆ ಮುಂಚೆ ಸಲಿಕೆಯಿಂದ ಕಡಿದು, ಮಣ್ಣು ತುಂಬಿ ತುಳಿಯಬೇಕು. ಬೇಜಾರಿನ ಕೆಲಸ. ನನ್ನ ಮಗ ಫೋನ್ ಹಿಡಿದು ಕೂರುವುದೂ ಸರಿಯಾಗಿ ಅದೇ ವಾರ.

ಹೋದ ಸೆಪ್ಟೆಂಬರಿನಲ್ಲಿ ಕೋಡಿ ಮೂರು ಸಲ ಹರಿಯಿತು. ಒಡ್ಡಿನ ಹಿಂದೆ ಕೊರಕಲು ಅರ್ಧ ತುಂಬಿದೆ. ಆ ಮೆಕ್ಕಲಿನ ಮೇಲೆ ಸುಮ್ನೆ ನಾಲ್ಕು ಸಾಲು ಕಡಲೆ ಬಿತ್ತಿ ನೋಡಿದೆ, ಎದ್ದಿದೆ.