ಡೀಸೆಲ್ ಲಕ್ಷುರಿ ಎಸ್‌ಯುವಿ ಕೊಳ್ಳಬೇಕೆ? ಮೊದಲು ನಿಮ್ಮ ಓಡಾಟ ಅಳೆಯಿರಿ

ಶೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ, ‘ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಾ ಸರ್?’ ಹದಿನೈದು ಸಾವಿರ ದಾಟಿದರೆ ಡೀಸೆಲ್, ಇಲ್ಲದಿದ್ದರೆ ಪೆಟ್ರೋಲ್ ಎಂಬುದು ಹಳೆಯ ಲೆಕ್ಕ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಬಿಗಿಯಾದ ಹೊಗೆ ನಿಯಮ ಜಾರಿಯಾದ ಮೇಲೆ ಅದು ಅರ್ಧ ಮಾತ್ರ ಸರಿ. ಜಯನಗರ, ಎಂ.ಜಿ. ರಸ್ತೆ, ಮಕ್ಕಳ ಶಾಲೆ ಎಂದು ಊರೊಳಗೇ ತಿರುಗಿ 15 ಸಾವಿರ ಕಿ.ಮೀ. ಮಾಡುವವರಿಗೆ ಡೀಸೆಲ್ ತಲೆನೋವು ತರುತ್ತದೆ. ತಿಂಗಳಿಗೆರಡು ಸಲ ಬೆಂಗಳೂರಿನಿಂದ ಸಕಲೇಶಪುರದ ತೋಟಕ್ಕೆ ಹೋಗಿಬಂದು 10 ಸಾವಿರವಷ್ಟೇ ಓಡಿಸುವವರಿಗೆ ಅದೇ ಗಾಡಿ ಚೆನ್ನಾಗಿ ಒಗ್ಗುತ್ತದೆ. ವರ್ಷದ ಒಟ್ಟು ಓಟಕ್ಕಿಂತ ಒಂದೊಂದು ಓಟ ಎಷ್ಟು ಉದ್ದ ಎಂಬುದೇ ಇಲ್ಲಿ ಮುಖ್ಯ.

ಹಂತ 1: ಎರಡು ವಾರದ ಓಟದ ಪಟ್ಟಿ

ಈಗಿರುವ ಕಾರಿನಲ್ಲೇ ಎರಡು ವಾರ ಪಟ್ಟಿ ಬರೆಯಿರಿ. ಎಂಜಿನ್ ಶುರು ಮಾಡಿದಾಗಿನಿಂದ ಆಫ್ ಮಾಡುವ ತನಕ ಒಂದು ಸಾಲು: ಎಷ್ಟು ಕಿ.ಮೀ., ಎಷ್ಟು ನಿಮಿಷ, ಅದರಲ್ಲಿ 60 ಕಿ.ಮೀ. ಮೇಲಿನ ವೇಗದಲ್ಲಿ ತಡೆಯಿಲ್ಲದೆ ಓಡಿದ್ದು ಎಷ್ಟು ಹೊತ್ತು.

ಇದರ ಕಾರಣ ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿದಿಡುವ ಜಾಲರಿ. ತುಂಬಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಹೆದ್ದಾರಿಯಲ್ಲಿ ಹೊಗೆಯ ಬಿಸಿ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದರೆ ಸ್ವಲ್ಪ ಸ್ವಲ್ಪವಾಗಿ ತಾನೇ ಸುಡುತ್ತದೆ. ಅದು ಸಾಲದಾದಾಗ ಎಂಜಿನ್ ಕಂಪ್ಯೂಟರ್ ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬಿಸಿಯನ್ನು 600 ಡಿಗ್ರಿಯ ಹತ್ತಿರ ಒಯ್ಯುತ್ತದೆ. ರಿಜನರೇಷನ್ ಎನ್ನುವುದು ಇದಕ್ಕೇ. ಸಾಮಾನ್ಯವಾಗಿ 300ರಿಂದ 800 ಕಿ.ಮೀ.ಗೊಮ್ಮೆ ನಡೆಯುತ್ತದೆ, 10ರಿಂದ 20 ನಿಮಿಷ ಹಿಡಿಯುತ್ತದೆ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸುಡುವುದು ಶುರುವಾಗಿ, ಐದು ನಿಮಿಷಕ್ಕೆ ನೀವು ಬೇಸ್‌ಮೆಂಟಿನಲ್ಲಿ ಎಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತಿತು. ಚಿಮ್ಮಿಸಿದ ಡೀಸೆಲ್ಲಿನಲ್ಲಿ ಸುಡದೆ ಉಳಿದ ಪಾಲು ಸಿಲಿಂಡರ್ ಗೋಡೆ ಹಿಡಿದು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಮರುದಿನವೂ ಹೀಗೇ, ಅದರ ಮರುದಿನವೂ ಹೀಗೇ ಆದರೆ ಒಂದು ಕಡೆ ಮಸಿ ಕಟ್ಟುತ್ತದೆ, ಇನ್ನೊಂದು ಕಡೆ ಆಯಿಲ್ ತೆಳುವಾಗಿ ಟರ್ಬೊ ಮತ್ತು ಬೇರಿಂಗ್‌ಗಳಿಗೆ ಏಟು. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅರ್ಥ ಇದೇ.

ಪಟ್ಟಿಯಲ್ಲಿ ವಾರಕ್ಕೊಂದಾದರೂ ಅರ್ಧ ಗಂಟೆಯ ಹೆದ್ದಾರಿ ಓಟವಿದ್ದರೆ ಮುಂದಿನ ಹಂತಕ್ಕೆ ಹೋಗಿ. ಎರಡು ವಾರಕ್ಕೊಂದೇ ಇದ್ದು, ನಡುವಿನ ಊರೊಳಗಿನ ಓಡಾಟ 300 ಕಿ.ಮೀ. ಮೀರದಿದ್ದರೂ ಅಡ್ಡಿಯಿಲ್ಲ. ಒಂದೂ ಇಲ್ಲವಾದರೆ ಇಲ್ಲಿಗೇ ನಿಲ್ಲಿಸಿ ಪೆಟ್ರೋಲ್, ಹೈಬ್ರಿಡ್ ಅಥವಾ ಇವಿ ನೋಡಿ. ‘ಭಾನುವಾರ ಸುಮ್ಮನೆ ನೈಸ್ ರೋಡಿಗೆ ಹೋಗಿ ಓಡಿಸಿಕೊಂಡು ಬರ್ತೀನಿ’ ಎಂಬ ಸಂಕಲ್ಪ ಹೆಚ್ಚು ದಿನ ಬಾಳುವುದಿಲ್ಲ.

ಹಂತ 2: ಹಣದ ಲೆಕ್ಕ

ಎರಡು ಟನ್ ತೂಗುವ ಎಸ್‌ಯುವಿ ಹೆದ್ದಾರಿ, ಊರು ಸೇರಿಸಿ ಡೀಸೆಲ್ಲಿನಲ್ಲಿ ಲೀಟರಿಗೆ 11, ಪೆಟ್ರೋಲಿನಲ್ಲಿ 8 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಡೀಸೆಲ್ 91, ಪೆಟ್ರೋಲ್ 103 ರೂಪಾಯಿ ಹಿಡಿದರೆ 12 ಸಾವಿರ ಕಿ.ಮೀ.ಗೆ ಡೀಸೆಲ್ ಖರ್ಚು ಸುಮಾರು 99 ಸಾವಿರ, ಪೆಟ್ರೋಲ್ ಖರ್ಚು 1.54 ಲಕ್ಷ. ವರ್ಷದ ಉಳಿತಾಯ 55 ಸಾವಿರ. ಡೀಸೆಲ್ ಮಾದರಿಯ ಎಕ್ಸ್-ಶೋರೂಂ ಬೆಲೆ 2 ಲಕ್ಷ ಹೆಚ್ಚಿದ್ದರೆ ಅದರ ಮೇಲಿನ ರಸ್ತೆ ತೆರಿಗೆಯೂ ಸೇರಿ ವ್ಯತ್ಯಾಸ 2.4 ಲಕ್ಷ; ಅದು ಮರಳಿ ಬರಲು ನಾಲ್ಕೂವರೆ ವರ್ಷ ಬೇಕು. ನಿಮ್ಮ ಊರಿನ ಬಂಕ್ ದರ ಹಾಕಿ ಲೆಕ್ಕ ತಿದ್ದಿಕೊಳ್ಳಿ.

ಅಂದರೆ ಒಂದು ಕೋಟಿಯ ಗಾಡಿಗೆ ‘ಡೀಸೆಲ್ ಅಗ್ಗ’ ಎಂಬುದು ದೊಡ್ಡ ಕಾರಣವೇ ಅಲ್ಲ. ಸರಿಯಾದ ಕಾರಣ ಎಳೆತ ಮತ್ತು ದೂರ. ಬಿಎಂಡಬ್ಲ್ಯು ಎಕ್ಸ್5 ಎಕ್ಸ್‌ಡ್ರೈವ್30ಡಿ 650 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಅದೂ ಕಡಿಮೆ ಆರ್‌ಪಿಎಂನಲ್ಲೇ. ಐದು ಜನ, ಸಾಮಾನು ತುಂಬಿಕೊಂಡು ಶಿರಾಡಿ ಹತ್ತುವಾಗ ಗೇರ್‌ಬಾಕ್ಸ್ ಪದೇ ಪದೇ ಕೆಳಗಿನ ಗೇರಿಗೆ ಇಳಿಯಬೇಕಿಲ್ಲ. 80 ಲೀಟರ್ ಟ್ಯಾಂಕ್ ತುಂಬಿಸಿದರೆ ಬೆಂಗಳೂರಿನಿಂದ ಬೀದರ್ ತನಕ ನಡುವೆ ಬಂಕ್ ಹುಡುಕಬೇಕಿಲ್ಲ. ಇವೆರಡೂ ನಿಮಗೆ ಬೇಕಿಲ್ಲವಾದರೆ ಡೀಸೆಲ್ಲಿನ ಹಠ ಏಕೆ?

ಹಂತ 3: ಹೊಸದಾದರೆ

ಆಯ್ಕೆ ಕಿರಿದಾಗಿದೆ. ಆಡಿ 2020ರಲ್ಲೇ ಭಾರತದಲ್ಲಿ ಡೀಸೆಲ್ ಕೈಬಿಟ್ಟಿತು, ವೋಲ್ವೊ ಕೂಡ ಬಿಟ್ಟಿದೆ. ಮರ್ಸಿಡಿಸ್, ಬಿಎಂಡಬ್ಲ್ಯು, ಲ್ಯಾಂಡ್ ರೋವರ್ ಬಳಿ ಉಳಿದಿದೆ. ಸೆಕೆಂಡ್ ಹ್ಯಾಂಡಿನಲ್ಲಿ ಆಡಿ ಕ್ಯೂ7 ಡೀಸೆಲ್ ಕಂಡರೆ ಅದು ಬಿಎಸ್-6ಕ್ಕಿಂತ ಹಿಂದಿನದು ಎಂದೇ ಲೆಕ್ಕ.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ ಮೇಲಿನ ಸೆಸ್ ಹೋಗಿ ಜಿಎಸ್‌ಟಿ ಶೇ 40 ಆಗಿದೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ರಾಜ್ಯದ ಸೆಸ್ ಸೇರಿ ಹತ್ತಿರಹತ್ತಿರ ಶೇ 20. 90 ಲಕ್ಷದ ಗಾಡಿಗೆ 18 ಲಕ್ಷ ಆರ್‌ಟಿಒಗೇ ಹೋಯಿತು. ಶೇ 1 ಟಿಸಿಎಸ್ (ಮಾರುವವರೇ ಮುಂಗಡ ಹಿಡಿಯುವ ಆದಾಯ ತೆರಿಗೆ) ಬೇರೆ. ಆದರೆ ಅದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಕೆಯಾಗುತ್ತದೆ, ಖರ್ಚಿಗೆ ಸೇರಿಸಬೇಡಿ.

ಬೆಲೆ ಇಳಿಸಲು ಜಗ್ಗಾಡುವುದಕ್ಕಿಂತ ವಾರಂಟಿ ವಿಸ್ತರಣೆಗೆ ಪಟ್ಟು ಹಿಡಿಯಿರಿ. ವಾರಂಟಿ ಕಾಗದದಲ್ಲಿ ಡಿಪಿಎಫ್, ನಾಕ್ಸ್ ಸೆನ್ಸರ್ (ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವುದು), ಆಡ್‌ಬ್ಲೂ ಪಂಪ್ (ಅದನ್ನು ತಗ್ಗಿಸಲು ಹೊಗೆಗೆ ಚಿಮ್ಮಿಸುವ ದ್ರಾವಣದ್ದು), ಏರ್ ಸಸ್ಪೆನ್ಷನ್ (ಗಾಡಿ ಹೊರುವ ಗಾಳಿಚೀಲ) ಈ ನಾಲ್ಕೂ ಸೇರಿವೆಯೇ ಎಂದು ಸಾಲು ಸಾಲು ಓದಿ. ‘ಎಲ್ಲಾ ಕವರ್ ಆಗುತ್ತೆ’ ಎಂಬ ಬಾಯಿಮಾತು ನಾಲ್ಕನೇ ವರ್ಷ ಉಪಯೋಗಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿದ್ದರೆ ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಷನ್ ತಪ್ಪದೆ ಇರಲಿ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರು ಕಡೆ ಮುಳುಗಿದ ಗಾಡಿಗಳಲ್ಲಿ ಲಕ್ಷುರಿ ಕಾರುಗಳೂ ಇದ್ದವು. ನೀರು ನುಗ್ಗಿದ ಎಂಜಿನ್ ಅನ್ನು ಸ್ಟಾರ್ಟ್ ಮಾಡಿ ಹಾಳಾದರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ.

ಹಂತ 4: ಸೆಕೆಂಡ್ ಹ್ಯಾಂಡ್ ಆದರೆ

ಹೆಚ್ಚಿನವರು ಜಾರುವುದು ಇಲ್ಲೇ. ಹೊಸದರಲ್ಲಿ 80 ಲಕ್ಷವಿದ್ದ ಗಾಡಿ 25 ಲಕ್ಷಕ್ಕೆ ಸಿಗುತ್ತದೆ, ಹೊಸ ಫಾರ್ಚೂನರಿಗಿಂತ ಅಗ್ಗ. ಆದರೆ ಬಿಡಿಭಾಗದ ಬೆಲೆ ಈಗಲೂ 80 ಲಕ್ಷದ ಗಾಡಿಯದೇ. ಆನೆ ಅಗ್ಗಕ್ಕೆ ಸಿಕ್ಕಿತೆಂದು ಅದರ ಮೇವು ಕಡಿಮೆಯಾಗುವುದಿಲ್ಲ. ಟೈರ್ ಒಂದಕ್ಕೆ ಸುಮಾರು 25ರಿಂದ 45 ಸಾವಿರ. ಕೊಳ್ಳುವ ಬೆಲೆಯ ಶೇ 10ರಿಂದ 15ರಷ್ಟನ್ನು ಮೊದಲ ವರ್ಷದ ರಿಪೇರಿಗೆ ಪಕ್ಕಕ್ಕಿಡಿ. ಇಡಲಾಗದಿದ್ದರೆ ಆ ಗಾಡಿ ನಿಮ್ಮ ಬಜೆಟ್ಟಿನದಲ್ಲ.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗಿ. ಬಾನೆಟ್ ಮುಟ್ಟಿ, ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಎನ್ನಿ. ದೂರ ನಿಂತು ನಾಲ್ಕೂ ಮೂಲೆಗಳ ಎತ್ತರ ನೋಡಿ. ರಾತ್ರಿ ನಿಂತ ಗಾಡಿಯ ಒಂದು ಮೂಲೆ ಕುಸಿದಿದ್ದರೆ ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲ ಬಿರುಕು ಬಿಟ್ಟಿದೆ. ಆ ಸೋರಿಕೆಗೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಟ್ಟುಹೋಗುತ್ತದೆ.

ಆಮೇಲೆ ಬಿಳಿ ಬಟ್ಟೆಯ ಪರೀಕ್ಷೆ. ಸ್ಟಾರ್ಟ್ ಮಾಡುವ ಮುನ್ನ ಹೊಗೆ ಕೊಳವೆಯ ಒಳಗಂಚಿಗೆ ಬೆರಳಿಗೆ ಬಟ್ಟೆ ಸುತ್ತಿ ಒರೆಸಿ. ಕೆಲವು ಮಾದರಿಗಳಲ್ಲಿ ಬಂಪರಿನಲ್ಲಿ ಕಾಣುವುದು ಬರೀ ಅಲಂಕಾರ, ಅದರ ಹಿಂದಿರುವ ನಿಜವಾದ ಕೊಳವೆಗೇ ಬೆರಳು ಹೋಗಬೇಕು. ಡಿಪಿಎಫ್ ಇರುವ ಗಾಡಿಯಲ್ಲಿ ಅದು ಸರಿಯಿದ್ದರೆ ಬಟ್ಟೆಗೆ ಬೂದು ಧೂಳು ಹತ್ತಿದರೆ ಹೆಚ್ಚು. ಕಾಡಿಗೆಯಂಥ ಕಪ್ಪು ಬಂದರೆ ಜಾಲರಿ ಒಡೆದಿದೆ, ಇಲ್ಲವೇ ಯಾರೋ ಅದನ್ನು ಕೊರೆದು ತೆಗೆದು ಸಾಫ್ಟ್‌ವೇರಿನಲ್ಲಿ ಮುಚ್ಚಿಟ್ಟಿದ್ದಾರೆ. ‘ಡಿಪಿಎಫ್ ಡಿಲೀಟ್ ಮಾಡ್ಸಿದೀವಿ ಸರ್, ಇನ್ನು ಪ್ರಾಬ್ಲಮ್ಮೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅದು ಕಾನೂನುಬಾಹಿರ. ಅಂಥ ಗಾಡಿಯನ್ನು ಎಷ್ಟೇ ಅಗ್ಗವಾದರೂ ಬಿಡಿ.

ನಂತರ ಸ್ಕ್ಯಾನರ್. ಬರೀ ಫಾಲ್ಟ್ ಕೋಡ್ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷ ಸಂಖ್ಯೆ) ಓದುವ ಅಗ್ಗದ ಸಾಧನ ಸಾಲದು. ಆ ಬ್ರ್ಯಾಂಡಿನ ಕೆಲಸ ಮಾಡುವ ಗ್ಯಾರೇಜಿಗೆ ಒಯ್ದು ಈ ಅಂಕಿಗಳನ್ನೇ ಕೇಳಿ: ಡಿಪಿಎಫ್‌ನಲ್ಲಿ ಮಸಿ ಎಷ್ಟು ಗ್ರಾಂ, ಬೂದಿ ಎಷ್ಟು ಗ್ರಾಂ, ಕೊನೆಯ ರಿಜನರೇಷನ್ ಆಗಿ ಎಷ್ಟು ಕಿ.ಮೀ., ಕೋಡ್ ಅಳಿಸಿ ಎಷ್ಟು ಕಿ.ಮೀ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಎಂಜಿನ್ ಆಯಿಲ್‌ನ ರಾಸಾಯನಿಕಗಳಿಂದ ಬಂದು ಜಾಲರಿಯ ಆಯುಸ್ಸನ್ನೇ ತಿನ್ನುತ್ತದೆ. ಕೋಡ್ ಅಳಿಸಿ 30 ಕಿ.ಮೀ. ಅಷ್ಟೇ ಆಗಿದ್ದರೆ ನಿನ್ನೆಯೇ ಯಾರೋ ಗುರುತು ಒರೆಸಿದ್ದಾರೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ತಿದ್ದುಪಡಿ ಅಂಕಿಗಳಲ್ಲಿ ಒಂದು ಮಾತ್ರ ಉಳಿದವುಗಳಿಂದ ದೂರ ನಿಂತಿದ್ದರೆ ಆ ಇಂಜೆಕ್ಟರಿನ ಖರ್ಚು ಹತ್ತಿರದಲ್ಲಿದೆ. ಓಡಿದ ಕಿ.ಮೀ. ಮೀಟರಿನಲ್ಲಷ್ಟೇ ಅಲ್ಲ, ಇತರ ಕಂಟ್ರೋಲ್ ಯೂನಿಟ್‌ಗಳಲ್ಲೂ ದಾಖಲಾಗಿರುತ್ತದೆ, ತಾಳೆ ನೋಡಿಸಿ.

ಮಾದರಿಗೆ ತಕ್ಕ ಪರೀಕ್ಷೆಗಳೂ ಇವೆ. ಮರ್ಸಿಡಿಸ್‌ನ ಹಳೆಯ 3 ಲೀಟರ್ ವಿ6 (ಒಎಂ642) ಎಂಜಿನ್ನಿನಲ್ಲಿ ಎರಡು ಸಾಲು ಸಿಲಿಂಡರುಗಳ ನಡುವಿನ ಆಯಿಲ್ ಕೂಲರ್ ಸೀಲ್ ಸೋರುವುದು ಹೆಸರಾದ ರೋಗ. ಸೀಲ್ ಅಗ್ಗ, ಆದರೆ ಮೇಲಿನದೆಲ್ಲ ಬಿಚ್ಚಬೇಕಾದ್ದರಿಂದ ಕೂಲಿ ದುಬಾರಿ. ಬಿಎಂಡಬ್ಲ್ಯುವಿನ ಎನ್47, ಎನ್57 ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ. ತಣ್ಣನೆ ಸ್ಟಾರ್ಟಿನಲ್ಲಿ ಆ ಕಡೆಯಿಂದ ಉಜ್ಜುವ ಸದ್ದು ಬಂದರೆ ಮಾತುಕತೆ ಅಲ್ಲಿಗೇ ಮುಗಿಸಿ. ಝಡ್‌ಎಫ್ 8 ಗೇರ್ ಬಾಕ್ಸಿನ ಆಯಿಲ್ ‘ಲೈಫ್‌ಟೈಂ’ ಎಂದು ಕಾರು ಕಂಪನಿ ಹೇಳಬಹುದು. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಮಾತ್ರ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಬದಲಿಸಿದ ಬಿಲ್ ಕೇಳಿ.

ಟೈರ್ ನಾಲ್ಕೂ ಒಂದೇ ಬ್ರ್ಯಾಂಡಿನವೇ, ಸವೆತ ಹೆಚ್ಚುಕಡಿಮೆ ಒಂದೇ ಇದೆಯೇ ನೋಡಿ. ಬೇರೆ ಬೇರೆ ಇದ್ದರೆ ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಸದಾ ಒದ್ದಾಡಿ ಸವೆದಿರುತ್ತದೆ. ನೀರಲ್ಲಿ ಮುಳುಗಿದ್ದನ್ನು ಹಿಡಿಯಲು ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ. ಒಳಗಡೆಯ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ತೊಳೆಯುವವರು ಅಲ್ಲಿತನಕ ಎಳೆಯುವುದು ಕಡಿಮೆ.

ಹಂತ 5: ಕಾಗದಪತ್ರ

ದೆಹಲಿ ಗಾಡಿಗಳು ಇಲ್ಲಿ ಅಗ್ಗವಾಗಲು ಕಾರಣ, 10 ವರ್ಷ ದಾಟಿದ ಡೀಸೆಲ್ ವಾಹನಕ್ಕೆ ರಾಜಧಾನಿ ವಲಯದಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ತಡೆ. ಆಮೇಲೆ ಸಡಿಲಿಕೆಯೂ ಬಂದಿದೆ, ಆದರೆ ಮಾರುಕಟ್ಟೆಯ ಅಂಜಿಕೆ ಪೂರ್ತಿ ಹೋಗಿಲ್ಲ. ಕರ್ನಾಟಕದಲ್ಲಿ ಅಂಥ ತಡೆಯಿಲ್ಲ, ಖಾಸಗಿ ಕಾರಿನ ನೋಂದಣಿ 15 ವರ್ಷ. ಆದರೆ ಹೊರರಾಜ್ಯದ ಗಾಡಿಗೆ ಇಲ್ಲಿ ಕಟ್ಟುವ ಜೀವಾವಧಿ ತೆರಿಗೆ ವಯಸ್ಸಿಗೆ ತಕ್ಕಂತೆ ಇಳಿದರೂ ಲೆಕ್ಕ ಹಿಡಿಯುವುದು ಗಾಡಿಯ ಮೂಲ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. 20 ಲಕ್ಷಕ್ಕೆ ತಂದ ಗಾಡಿಗೆ ಅನೇಕ ಲಕ್ಷ ತೆರಿಗೆ ಬೀಳುವುದು ಹೀಗೆ. ಅಡ್ವಾನ್ಸ್ ಕೊಡುವ ಮುನ್ನವೇ ಆರ್‌ಟಿಒದಲ್ಲಿ ಅಂದಾಜು ಕೇಳಿ.

ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ, ಮಾಲೀಕತ್ವ ಬದಲಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದರೆ ಬ್ಯಾಂಕಿನ ಸಹಿಯೊಂದಿಗೆ ಫಾರಂ 35 ಬೇಕು. ಸರ್ಕಾರದ ವಾಹನ ಜಾಲತಾಣ ಪರಿವಹನ್‌ನಲ್ಲಿ ನಂಬರ್ ಹಾಕಿ ಸಾಲ, ವಿಮೆ, ಚಲನ್ ಬಾಕಿ, ಬ್ಲ್ಯಾಕ್‌ಲಿಸ್ಟ್ ನೋಡಿಕೊಳ್ಳಿ.

ಹಂತ 6: ತಂದ ಮೇಲೆ

ಎಂಜಿನ್ ಆಯಿಲನ್ನು ಕಾರು ಕಂಪನಿ ಹೇಳುವ ಗಡುವಿನ ತನಕ ಕಾಯದೆ 10 ಸಾವಿರ ಕಿ.ಮೀ.ಗೆ ಬದಲಿಸಿ, ಬೂದಿ ಕಡಿಮೆ ಬಿಡುವ ಡಿಪಿಎಫ್ ದರ್ಜೆಯದ್ದನ್ನೇ ಹಾಕಿಸಿ. ಕೈಪಿಡಿಯಲ್ಲಿರುವ ಅನುಮೋದನೆ ಸಂಖ್ಯೆ ಡಬ್ಬಿಯ ಮೇಲೂ ಇರಬೇಕು.

ಆಡ್‌ಬ್ಲೂ ಎಂದರೆ ಶೇ 32.5 ಯೂರಿಯಾ ದ್ರಾವಣ. ಬಂಕಿನಲ್ಲಿ ಲಾರಿಗಳಿಗೆ ಮಾರುವ ಡಿಇಎಫ್ ಕೂಡ ಅದೇ, ಡಬ್ಬಿಯ ಮೇಲೆ ಐಎಸ್‌ಒ 22241 ಎಂದಿರಬೇಕು. ಬಿಸಿಲಲ್ಲಿಟ್ಟ ಹಳೆಯ ಸ್ಟಾಕ್ ಬೇಡ, 30 ಡಿಗ್ರಿ ಮೇಲೆ ಅದು ಬೇಗ ಕೆಡುತ್ತದೆ. ಪರದೆಯಲ್ಲಿ ‘ಇನ್ನಿಷ್ಟು ಕಿ.ಮೀ.’ ಎಂಬ ಎಚ್ಚರಿಕೆ ಸೊನ್ನೆಗೆ ಇಳಿದರೆ, ಒಮ್ಮೆ ಆಫ್ ಮಾಡಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆಡ್‌ಬ್ಲೂವನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀ ಕೂಡ ತಿರುಗಿಸಬೇಡಿ, ಟೋ ಮಾಡಿಸಿ. ಪಂಪ್ ಓಡಿದರೆ ಯೂರಿಯಾ ಇಂಧನದ ಸಾಲಿಡೀ ಸೇರುತ್ತದೆ.

ನಿಂತಾಗ ಐಡಲ್ ಆರ್‌ಪಿಎಂ ಕೊಂಚ ಏರಿದ್ದರೆ, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿದ್ದರೆ, ಸುಟ್ಟ ಬಿಸಿ ವಾಸನೆ ಬಂದರೆ ರಿಜನರೇಷನ್ ನಡೆದಿರಬಹುದು. ಇನ್ನೊಂದು ಹತ್ತು ಹದಿನೈದು ನಿಮಿಷ ಓಡಿಸಿಯೇ ನಿಲ್ಲಿಸಿ. ಬೇಸಿಗೆಯಲ್ಲಿ ತೋಟಕ್ಕೆ ಹೋದವರು ಆ ಹೊತ್ತಿನಲ್ಲಿ ಒಣಹುಲ್ಲು, ತರಗೆಲೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಕೆಳಗಿನ ಕೊಳವೆಯ ಬಿಸಿಗೆ ಬೆಂಕಿ ಹತ್ತೀತು.