ಗೂಗಲ್‌ಗೆ ಕಾಣದ ಪಹಣಿ: ಓಪನ್ ವೆಬ್, ಡೀಪ್ ವೆಬ್ ಗುರುತಿಸುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಹುಲೇಕಲ್ ಕಡೆಯ ಮಾವ ಒಬ್ಬರು ಮೊಬೈಲು ಹಿಡಿದುಕೊಂಡೇ ಶಿರಸಿಯ ನಮ್ಮ ಮನೆಗೆ ಬಂದರು. “ತಮಾ, ತಾಸಿಂದ ಹುಡುಕ್ತಾ ಇದ್ದಿ. ಗೂಗಲ್‌ನಲ್ಲಿ ನಮ್ಮ ತೋಟದ ಪಹಣಿ ಸಿಕ್ತೇ ಇಲ್ಲೆ. ಸರ್ಕಾರದವು ತೆಗ್ದು ಹಾಕಿದ್ವ ಎಂತದ?”

ಪಹಣಿ ಎಲ್ಲಿಗೂ ಹೋಗಿರಲಿಲ್ಲ. ಮಾವ ಹುಡುಕುತ್ತಿದ್ದದ್ದು ಜಗಲಿಯಲ್ಲಿ, ಪಹಣಿ ಇದ್ದದ್ದು ಒಳಮನೆಯಲ್ಲಿ.

ನಮ್ಮ ಕಡೆಯ ಮನೆಗಳ ಜಗಲಿಗೆ ಯಾರೂ ಬಂದು ಕೂರಬಹುದು. ಒಳಗೆ ಬರಬೇಕಾದರೆ ಮನೆಯವರನ್ನು ಕರೆಯಬೇಕು, ಬಂದ ಕಾರಣ ಹೇಳಬೇಕು. ಗೂಗಲ್‌ನಂಥ ಸರ್ಚ್ ಎಂಜಿನ್‌ಗಳು ‘ಕ್ರಾಲರ್’ ಎಂಬ ತಂತ್ರಾಂಶವನ್ನು ಓಡಾಡಲು ಬಿಡುತ್ತವೆ. ಅದು ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗುತ್ತ, ಕಂಡದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಹೀಗೆ ಜಗಲಿಯಿಂದ ಜಗಲಿಗೆ ನಡೆದು ಸಿಗುವುದೆಲ್ಲ ಓಪನ್ ವೆಬ್. ಪಾಸ್‌ವರ್ಡ್ ಕೇಳುವ, ಫಾರ್ಮ್ ತುಂಬಿದ ಮೇಲಷ್ಟೇ ತೆರೆದುಕೊಳ್ಳುವ ಪುಟಗಳ ಬಾಗಿಲನ್ನು ಅದು ಸಾಮಾನ್ಯವಾಗಿ ತಟ್ಟುವುದಿಲ್ಲ. ಅವು ಡೀಪ್ ವೆಬ್. ಮೈಕೆಲ್ ಬರ್ಗ್‌ಮನ್ 2001ರಲ್ಲಿ ಬರೆದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ನಿಮ್ಮ ಇಮೇಲ್, ಬ್ಯಾಂಕ್ ಖಾತೆ, ಡಿಜಿಲಾಕರ್ ಎಲ್ಲ ಅಲ್ಲೇ ಇವೆ. ಅಂದರೆ ಡೀಪ್ ವೆಬ್ಬಿಗೆ ನೀವು ದಿನವೂ ಹೋಗಿಬರುತ್ತೀರಿ. ಹೆದರಬೇಕಾದ ಜಾಗ ಅದಲ್ಲ.

ಹಾಗಾದರೆ ಪಹಣಿ ನೋಡುವುದು ಹೇಗೆ? ಸರ್ವೆ ನಂಬರನ್ನು ಗೂಗಲ್‌ನಲ್ಲಿ ಬರೆಯುವುದು ಬಿಡಿ. ಗೂಗಲ್‌ನಿಂದ ಬಾಗಿಲಿನ ತನಕ ಮಾತ್ರ ಹೋಗಿ: ರಾಜ್ಯ ಸರ್ಕಾರದ ಜಮೀನು ದಾಖಲೆಗಳ ‘ಭೂಮಿ’ ಯೋಜನೆಯ ತಾಣ, ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದೆ ಹೋಗಬೇಡಿ. ಆರ್‌ಟಿಸಿ, ಅಂದರೆ ಪಹಣಿ, ನೋಡುವ ವಿಭಾಗದಲ್ಲಿ ಜಿಲ್ಲೆ ಉತ್ತರ ಕನ್ನಡ, ತಾಲ್ಲೂಕು ಶಿರಸಿ, ಹೋಬಳಿ ಹುಲೇಕಲ್ ಎಂದು ಒಂದೊಂದಾಗಿ ಆರಿಸಿ.

ಗ್ರಾಮದ ಹೆಸರಿಗೆ ಬಂದಾಗ ಹೆಚ್ಚಿನವರು ಎಡವುತ್ತಾರೆ. ನಾವು ಬಾಯಲ್ಲಿ ಹೇಳುವ ಊರು ಎಷ್ಟೋ ಸಲ ಮಜರೆಯ, ಅಂದರೆ ಗ್ರಾಮದೊಳಗಿನ ಸಣ್ಣ ಊರಿನ, ಹೆಸರು. ಕಂದಾಯ ದಾಖಲೆಯಲ್ಲಿ ಇರುವುದು ಗ್ರಾಮದ ಹೆಸರು. ಮಾವ ಸಿಕ್ಕಿಬಿದ್ದದ್ದೂ ಇಲ್ಲೇ. ಹಳೆಯ ಪಹಣಿಯನ್ನೋ ಕಂದಾಯದ ರಸೀದಿಯನ್ನೋ ಪಕ್ಕದಲ್ಲಿ ಇಟ್ಟುಕೊಂಡು ಕುಳಿತರೆ ಈ ತೊಂದರೆ ಇಲ್ಲ. ಆಮೇಲೆ ಸರ್ವೆ ನಂಬರು, ಹಿಸ್ಸಾ, ವರ್ಷ ಕೊಟ್ಟರೆ ಪಹಣಿ ತೆರೆಯುತ್ತದೆ. ಆ ಪುಟ ಮೊದಲೇ ಬರೆದಿಟ್ಟದ್ದಲ್ಲ. ನೀವು ಕೇಳಿದಾಗ ದತ್ತಾಂಶದಿಂದ ಎತ್ತಿ ಕಟ್ಟಿಕೊಟ್ಟದ್ದು. ಕೇಳುವವರಿಲ್ಲದಿದ್ದರೆ ಪುಟವೇ ಇಲ್ಲ. ಕ್ರಾಲರ್‌ಗೆ ಕಾಣುವುದಾದರೂ ಹೇಗೆ?

ಕಾರವಾರದ ಕೋರ್ಟಿನಲ್ಲಿರುವ ದಾವೆಯ ಮುಂದಿನ ದಿನಾಂಕ ನೋಡುವುದೂ ಹೀಗೆಯೇ. ಇ-ಕೋರ್ಟ್ಸ್ ತಾಣದಲ್ಲಿ ದಾವೆಯ ಗುರುತಿಗೆ ಕೊಟ್ಟಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ, ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಬರೆದುಕೊಟ್ಟರೆ ಆಯಿತು.

ಡಾರ್ಕ್ ವೆಬ್ ಎಂಬುದು ಡೀಪ್ ವೆಬ್ಬಿನೊಳಗಿನ ಒಂದು ಸಣ್ಣ ಭಾಗ. ಟಾರ್‌ನಂಥ ಪ್ರತ್ಯೇಕ ತಂತ್ರಾಂಶ ಇಲ್ಲದೆ ಅಲ್ಲಿಗೆ ಹೋಗಲಾಗದು. ಕಾರವಾರದ ನೌಕಾನೆಲೆಯ ಪಕ್ಕ ಬೆಳೆದ ನನಗೆ, ಟಾರ್‌ನ ಮೂಲ ಕಲ್ಪನೆ ಹುಟ್ಟಿದ್ದು 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಎಂದು ತಿಳಿದಾಗ ಅಚ್ಚರಿಯಾಗಿತ್ತು. ಡಾರ್ಕ್ ವೆಬ್ಬಿನಲ್ಲಿ ಕಳ್ಳ ವ್ಯಾಪಾರ ನಡೆಯುತ್ತದೆ, ನಿಜ. ಆದರೆ ಬಿಬಿಸಿ ಕೂಡ 2019ರಲ್ಲಿ ಸುದ್ದಿ ತಾಣದ ಒಂದು ಪ್ರತಿಯನ್ನು ಅಲ್ಲಿ ಇಟ್ಟಿತು. ಪಹಣಿ ಹುಡುಕುವವರಿಗೆ ಆ ದಾರಿ ಬೇಕಿಲ್ಲ.

ನನಗೆ ನಿಜವಾಗಿ ಕಳವಳ ಇರುವುದು ಬೇರೆ ಕಡೆ. ಗೂಗಲ್‌ಗೆ ಕಾಣುವುದಿಲ್ಲ ಎಂದ ಮಾತ್ರಕ್ಕೆ ಬೀಗ ಹಾಕಿದೆ ಎಂದು ಅರ್ಥವಲ್ಲ. ನಮ್ಮೂರ ಸಂಘವೊಂದು ಸದಸ್ಯರ ಫೋನ್ ನಂಬರು, ಆಧಾರ್ ಸಂಖ್ಯೆಗಳ ಪಟ್ಟಿಯನ್ನು ಗೂಗಲ್ ಡ್ರೈವ್‌ನಲ್ಲಿಟ್ಟು, ಲಿಂಕ್ ಇದ್ದವರೆಲ್ಲ ನೋಡುವಂತೆ ಬಿಟ್ಟಿತ್ತು. ಆ ಲಿಂಕ್ ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ದಾಟುತ್ತ ಊರೇ ಅಲ್ಲದ ಊರಿನವರ ಕೈ ಸೇರಿತು. ನಮ್ಮ ಅಮ್ಮನ ಆಧಾರ್ ಸಂಖ್ಯೆಯೂ ಅದರಲ್ಲಿತ್ತು.

ನಿಮ್ಮ ಕಡತ ಹೀಗೆ ಬಯಲಲ್ಲಿದೆಯೇ ಎಂದು ನೋಡುವುದು ಸುಲಭ. ಕ್ರೋಮ್‌ನಲ್ಲಿ ಮೇಲ್ಗಡೆಯ ಮೂರು ಚುಕ್ಕಿ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಅಲ್ಲಿ ನೀವು ಯಾವ ಖಾತೆಗೂ ಲಾಗಿನ್ ಆಗಿರುವುದಿಲ್ಲ, ಅಪರಿಚಿತರಂತೆ ಇರುತ್ತೀರಿ. ಲಿಂಕನ್ನು ಅಂಟಿಸಿ. ಕಡತ ತೆರೆದುಕೊಂಡರೆ, ಲಿಂಕ್ ಸಿಕ್ಕ ಯಾರಿಗೂ ತೆರೆಯುತ್ತದೆ. ಕೂಡಲೇ ನಿಮ್ಮ ಖಾತೆಗೆ ಹೋಗಿ, ಶೇರ್ ಆಯ್ಕೆಯಲ್ಲಿ ‘ರಿಸ್ಟ್ರಿಕ್ಟೆಡ್’ ಮಾಡಿ, ಬೇಕಾದವರ ಇಮೇಲ್‌ಗಳನ್ನಷ್ಟೇ ಸೇರಿಸಿ. ಮತ್ತೆ ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ. ಈ ಸಲ ಅದು ಲಾಗಿನ್ ಕೇಳಬೇಕು.