ಪೆನ್ಸಿಲ್ಲಿನಲ್ಲಿ ಬರೆದ ಸ್ವಿಚ್ಚು

ಹಳೆಯ ಗೊಂಬೆಮನೆಯೊಂದು ಕೈಸೇರಿದ ದಿನ ನಾನು ಅದರ ಧೂಳನ್ನೂ ಒರೆಸುವುದಿಲ್ಲ. ಮೇಜಿನ ಮೇಲಿಟ್ಟು, ಕೋಣೆಯ ದೀಪ ಆರಿಸಿ, ಸಣ್ಣ ಟಾರ್ಚನ್ನು ಗೋಡೆಗೆ ತಾಗುವಷ್ಟು ಹತ್ತಿರ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸುತ್ತೇನೆ. ಓರೆ ಬೆಳಕಿನ ಕಣ್ಣಿಗೆ ಏನೂ ತಪ್ಪುವುದಿಲ್ಲ. ವಾಲ್‌ಪೇಪರಿನ ಕೆಳಗೆ ಇನ್ನೊಂದು ಪದರ ಇದ್ದರೆ ಅದರ ಅಂಚು ಸಣ್ಣ ಗೆರೆಯಾಗಿ ಎದ್ದು ಕಾಣುತ್ತದೆ. ಮುಚ್ಚಿಹೋದ ಬಾಗಿಲು, ಹಿಂದೆಂದೋ ಮೆಟ್ಟಿಲು ಇದ್ದ ಜಾಗ, ಕಿತ್ತ ಮೊಳೆಯ ತೂತು, ಅಂಟು ಒಣಗುವ ಮುನ್ನ ಯಾರೋ ಒತ್ತಿದ ಪುಟ್ಟ ಬೆರಳಿನ ಗುರುತು ಎಲ್ಲವೂ ಒಂದೊಂದಾಗಿ ಮೇಲೇಳುತ್ತವೆ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ಕೋಣೆಯ ಫೋಟೊ ತೆಗೆದ ನಂತರವೇ ಕುಂಚ ಹಿಡಿಯುತ್ತೇನೆ.

ಈ ಶಿಸ್ತು ಬಂದದ್ದು ಮೊದಲ ಮನೆಯನ್ನು ಕೈಯಾರೆ ಹಾಳು ಮಾಡಿದ ಮೇಲೆ. ಅದು ಎರಡು ಅಂತಸ್ತಿನ ಮರದ ಮನೆ. ಮುಂಭಾಗಕ್ಕೆ ಇಟ್ಟಿಗೆಯ ಚಿತ್ರ ಮುದ್ರಿಸಿದ ಕಾಗದ ಅಂಟಿಸಿದ್ದರು. ಕಾಗದಕ್ಕೆ ಮಸಿ ಹಿಡಿದಿತ್ತು, ಮೂಲೆಗಳು ಸುಲಿದು ಬಂದಿದ್ದವು. ಹರಿದ ಕಾಗದಕ್ಕೆ ಯಾವ ಬೆಲೆ ಎಂದುಕೊಂಡು ನೀರು ಹಚ್ಚಿ ನೆನೆಸಿ ಕೆರೆದೆ, ಮರವನ್ನು ಉಪ್ಪುಕಾಗದದಿಂದ ಉಜ್ಜಿದೆ, ಅಚ್ಚಬಿಳಿ ಬಣ್ಣ ಬಳಿದೆ, ನೆಲಕ್ಕೆ ಹೊಸ ಹಾಸು ಹಾಕಿದೆ. ಮುಗಿದಾಗ ಮನೆ ಪಳಪಳ ಹೊಳೆಯುತ್ತಿತ್ತು. ನೋಡಿದವರೆಲ್ಲ ಮೆಚ್ಚಿದರು. ಹಲವು ತಿಂಗಳ ನಂತರ ಅಂಥದೇ ಇನ್ನೊಂದು ಮನೆಯ ಚಿತ್ರ ಕಣ್ಣಿಗೆ ಬಿದ್ದಾಗ ನಾನು ಮಾಡಿದ್ದೇನೆಂದು ಅರ್ಥವಾಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಬ್ಲಿಸ್, ಜರ್ಮನಿಯ ಮೋರಿಟ್ಸ್ ಗಾಟ್‌ಶಾಲ್ಕ್ ಮುಂತಾದ ತಯಾರಕರು ಇಟ್ಟಿಗೆ, ಕಿಟಕಿ, ಪರದೆ, ಕಂಬದ ಕುಸುರಿ ಎಲ್ಲವನ್ನೂ ಕಲ್ಲಚ್ಚಿನಲ್ಲಿ ಕಾಗದದ ಮೇಲೆ ಮುದ್ರಿಸಿ ಮರಕ್ಕೆ ಅಂಟಿಸುತ್ತಿದ್ದರು. ಅಂಥ ಮನೆಯಲ್ಲಿ ಮರ ಬರಿಯ ಎಲುಬಿನ ಗೂಡು, ಕಾಗದವೇ ಮುಖ. ಆ ಮುಖವನ್ನು ನಾನು ಕೆರೆದು ಕಸದ ಬುಟ್ಟಿಗೆ ಹಾಕಿದ್ದೆ. ಆ ಬಿಳಿ ಮನೆ ಈಗಲೂ ನನ್ನ ಕಪಾಟಿನ ಮೇಲಿನ ಸಾಲಿನಲ್ಲಿದೆ. ಯಾರಿಗೂ ಕೊಟ್ಟಿಲ್ಲ, ಇನ್ನು ಮುಟ್ಟುವುದೂ ಇಲ್ಲ.

ವಸ್ತುಸಂಗ್ರಹಾಲಯಗಳಲ್ಲಿರುವ ಮಹಾ ಗೊಂಬೆಮನೆಗಳ ಬಗ್ಗೆ ನನಗೆ ಗೌರವವಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಪೆಟ್ರೊನೆಲ್ಲಾ ಊರ್ಟ್‌ಮನ್ ಅವರ ಮನೆ 17ನೇ ಶತಮಾನದ ಕೊನೆಯ ಕಾಲದ್ದು, ವಯಸ್ಕ ಮಹಿಳೆಯೊಬ್ಬರು ತಮಗಾಗಿ ಮಾಡಿಸಿಕೊಂಡದ್ದು. ವಿಂಡ್ಸರ್ ಕೋಟೆಯಲ್ಲಿರುವ ಕ್ವೀನ್ ಮೇರಿಯ ಗೊಂಬೆಮನೆಗೆ ವಾಸ್ತುಶಿಲ್ಪಿ ಎಡ್ವಿನ್ ಲುಟಿಯನ್ಸ್ ಅವರ ವಿನ್ಯಾಸ. 1924ರಲ್ಲಿ ಮುಗಿದ ಆ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಲಿಫ್ಟು ಓಡುತ್ತದೆ. ಆದರೆ ನನ್ನ ಮನಸ್ಸು ಎಳೆಯುವುದು ಮಕ್ಕಳು ಮನಸೋ ಇಚ್ಛೆ ಆಡಿ ಸವೆಸಿದ ಮನೆಗಳತ್ತ. ಕ್ರೇಯಾನ್ ಗೀಚಿದ, ಅಂಚೆಚೀಟಿಯನ್ನೇ ಗೋಡೆಯ ಚಿತ್ರವಾಗಿ ಅಂಟಿಸಿಕೊಂಡ, ಹಳೆಯ ಬಟ್ಟೆಯ ಅಂಚು ಕತ್ತರಿಸಿ ಜಮಖಾನೆ ಮಾಡಿಕೊಂಡ ಮನೆಗಳು ನನಗೆ ಬೇಕು.

ಕೊಳ್ಳುವಾಗ ಪೀಠೋಪಕರಣ ಇದೆಯೇ, ಬಣ್ಣ ಮಾಸಿದೆಯೇ ಎಂದು ನೋಡುವುದನ್ನು ಬಿಟ್ಟಿದ್ದೇನೆ. ಚೌಕಟ್ಟು ಓರೆಯಾಗಿದೆಯೇ ಎಂದು ನೋಡುತ್ತೇನೆ. ಎದುರುಬದುರು ಮೂಲೆಗಳ ನಡುವಿನ ಓರೆ ದೂರ ಎರಡೂ ಕಡೆ ಸಮವಿದ್ದರೆ ಚೌಕ ನೆಟ್ಟಗಿದೆ. ತಲೆಕೆಳಗು ಮಾಡಿ ಅಡಿಹಲಗೆ ನೋಡುತ್ತೇನೆ, ಏಕೆಂದರೆ ಕೆಲವು ತಯಾರಕರ ಗುರುತು ಅಲ್ಲೇ ಸಿಗುತ್ತದೆ. ಗಾಟ್‌ಶಾಲ್ಕ್ ಮನೆಗಳ ತಳದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಸಂಖ್ಯೆ ಇರುವುದುಂಟು. ಅವರ ಹಳೆಯ ಮನೆಗಳ ಚಾವಣಿ ನೀಲಿ, ನಂತರದವುಗಳದ್ದು ಕೆಂಪು. ಇನ್ನು ಬಾಗಿಲಿನ ಎತ್ತರ. ಎರಡು ಮೀಟರಿನ ನಿಜವಾದ ಬಾಗಿಲು 1:12 ಅಳತೆಯಲ್ಲಿ ಸುಮಾರು 17 ಸೆಂಟಿಮೀಟರ್ ಆಗುತ್ತದೆ, 1:16ರಲ್ಲಿ ಹನ್ನೆರಡೂವರೆ, 1:18ರಲ್ಲಿ ಹನ್ನೊಂದು. ಸ್ವೀಡನ್ನಿನ ಲುಂಡ್‌ಬಿ ಮನೆಗಳು 1:18ರವು, ಬ್ರಿಟನ್ನಿನ ಟ್ರೈಆ್ಯಂಗ್ ಮನೆಗಳು ಸಾಮಾನ್ಯವಾಗಿ 1:16ರವು. ಈ ಲೆಕ್ಕ ತಿಳಿಯದೆ ಕುರ್ಚಿ ಮೇಜು ಕೂಡಿಸಲು ಹೊರಟರೆ ಮಲಗುವ ಕೋಣೆಯ ಮಂಚ ಬಾಗಿಲಿಗಿಂತ ದೊಡ್ಡದಾಗಿ ಕೂರುತ್ತದೆ.

ಮರದಲ್ಲಿ ಗುಂಡುಸೂಜಿ ಚುಚ್ಚಿದಂಥ ರಂಧ್ರಗಳಿದ್ದು, ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹುಳು ಒಳಗಿದೆ ಎಂದು ಅರ್ಥ. ಅಂಥ ಮನೆಯನ್ನು ಉಳಿದವುಗಳ ಹತ್ತಿರ ತರುವುದೇ ಇಲ್ಲ. ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೂ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಗಾಳಿಯ ತೇವ ಕೂತು ಬಣ್ಣ ಹರಡುತ್ತದೆ. ಇಡೀ ಮನೆ ಫ್ರೀಜರಿಗೆ ಹಿಡಿಸದಿದ್ದರೆ ಚಾವಣಿ, ಮುಂಬಾಗಿಲು ಬಿಡಿಸಿ ಭಾಗ ಭಾಗವಾಗಿ ಇಡುತ್ತೇನೆ. ಹುಳುವಿಗೆಂದು ನುಸಿಗುಳಿಗೆ ಹಾಕಿಡುವವರನ್ನು ಕಂಡಿದ್ದೇನೆ. ಒಳಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಸಾಮಾನು ಇದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ನ್ಯಾಫ್ತಲೀನ್ ಆವಿಗೆ ಆ ಪ್ಲಾಸ್ಟಿಕ್ಕು ಮೆತ್ತಗಾಗಿ ವಿಕಾರವಾಗುತ್ತದೆ.

ಸೀಸದ ಬಣ್ಣದ ವಿಷಯದಲ್ಲಿ ಮಾತ್ರ ನಾನು ಯಾವ ಸಡಿಲಿಕೆಯನ್ನೂ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮನೆಗಳಿಗೂ ಆಟಿಕೆಗಳಿಗೂ ಸೀಸದ ಬಣ್ಣ ಬಳಸುವುದನ್ನು ನಿಷೇಧಿಸಿದ್ದೇ 1978ರಲ್ಲಿ. ಆದ್ದರಿಂದ ಹಳೆಯ ಗೊಂಬೆಮನೆಯ ಬಣ್ಣದಲ್ಲಿ ಸೀಸ ಇದೆ ಎಂದೇ ಎಣಿಸಿ ಕೆಲಸ ಶುರು ಮಾಡುತ್ತೇನೆ. ಒಣ ಬಣ್ಣವನ್ನು ಎಂದೂ ಉಜ್ಜುವುದಿಲ್ಲ. ಎದ್ದ ಚಕ್ಕೆಗಳನ್ನು ತೆಳುವಾದ ಅಂಟಿನಿಂದ ಕೂರಿಸುತ್ತೇನೆ, ಉಜ್ಜಲೇಬೇಕಾದ ಕಡೆ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಉಜ್ಜುತ್ತೇನೆ. ಇಂಥ ಮನೆಯನ್ನು ಮತ್ತೆ ಚಿಕ್ಕ ಮಕ್ಕಳ ಕೈಗೆ ಆಡಲು ಕೊಡುವುದಿಲ್ಲ. ಮಕ್ಕಳಿಗಾಗಿಯೇ ಕಟ್ಟಿದ ವಸ್ತುವನ್ನು ಮಕ್ಕಳಿಂದ ದೂರ ಇಡುವಾಗ ಪ್ರತಿಸಲವೂ ಮನಸ್ಸಿಗೆ ನೋವಾಗುತ್ತದೆ, ಆದರೂ ಇಡುತ್ತೇನೆ.

ಶುಚಿ ಮಾಡುವುದು ನನಗೆ ಅತಿ ಪ್ರಿಯವಾದ ಕೆಲಸ. ಮೃದುವಾದ ಅಗಲ ಕುಂಚದಿಂದ ಧೂಳು ಸವರಿ, ಕಾಗದದ ಮೇಲಿನ ಮಸಿಗೆ ಒಣ ರಬ್ಬರ್ ಸ್ಪಂಜನ್ನು ಒತ್ತಿ ಒತ್ತಿ ತೆಗೆಯುತ್ತೇನೆ. ಉಜ್ಜಿದರೆ ಮಸಿ ಒಳಗಿಳಿಯುತ್ತದೆ. ಬಣ್ಣ ಬಳಿದ ಮರದ ಮೇಲಿನ ಜಿಡ್ಡಿಗೆ ಕಲಾಕೃತಿ ಸಂರಕ್ಷಕರು ಬಳಸುವ ಒಂದು ಉಪಾಯವಿದೆ, ಉಗುಳು. ಬಾಯಿಯ ಲಾಲಾರಸದಲ್ಲಿರುವ ಅಮೈಲೇಸ್ ಕಿಣ್ವ ಕೊಳೆಯನ್ನು ಸಡಿಲಿಸುತ್ತದೆ, ಬಣ್ಣಕ್ಕೆ ಧಕ್ಕೆಯಾಗುವುದು ಕಡಿಮೆ. ಹತ್ತಿಯ ಕಡ್ಡಿಯನ್ನು ನಾಲಿಗೆಗೆ ಒಮ್ಮೆ ತಾಗಿಸಿ, ಮನೆಯ ಮೇಲೆ ಎರಡು ಸುತ್ತು ಹೊರಳಿಸಿ, ಎಸೆಯುತ್ತೇನೆ. ಮತ್ತೆ ಹೊಸ ಕಡ್ಡಿ. ಸೀಸದ ಕಾರಣ ಬಳಸಿದ ಕಡ್ಡಿ ಮರಳಿ ಬಾಯಿಗೆ ಹೋಗಕೂಡದು, ಬಣ್ಣ ಚಕ್ಕೆಯೆದ್ದಿದ್ದರೆ ಈ ಉಪಾಯವೇ ಬೇಡ. ಒಂದು ಅಂಗೈಯಗಲದ ಚಾವಣಿಗೆ ಎಪ್ಪತ್ತು ಎಂಬತ್ತು ಕಡ್ಡಿ ಹಿಡಿದ ದಿನಗಳಿವೆ. ಬೂದುಬಣ್ಣದ ಪೊರೆಯ ಕೆಳಗಿನಿಂದ ಹೆಂಚಿನ ಕೆಂಪು ಇಷ್ಟಿಷ್ಟೇ ಕಣ್ಣು ಬಿಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಂಟಿನ ವಿಷಯ ಚುಟುಕಾಗಿ ಹೇಳುತ್ತೇನೆ. ಹಳೆಯ ಮನೆಗಳ ಕೀಲು, ಸಂದುಗಳನ್ನು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಸರೇಸಿನಿಂದ ಕೂಡಿಸಿರುತ್ತಾರೆ. ಬಿಸಿನೀರಿನ ತೇವ ತಾಗಿದರೆ ಅದು ಬಿಟ್ಟುಕೊಳ್ಳುತ್ತದೆ, ಅದೇ ಅದರ ದೊಡ್ಡ ಗುಣ. ಕಾಗದಕ್ಕೆ ನಾನು ಗೋಧಿ ಪಿಷ್ಟದ ಗಂಜಿಯನ್ನು ಮಾತ್ರ ಬಳಸುತ್ತೇನೆ. ಮುಂದೆ ಯಾರಿಗಾದರೂ ನನ್ನ ಕೆಲಸ ತಪ್ಪೆನಿಸಿದರೆ ಸ್ವಲ್ಪ ನೀರಿನಿಂದ ಅದನ್ನು ಬಿಡಿಸಬಹುದು. ಸೂಪರ್‌ಗ್ಲೂ ನನ್ನ ಪೆಟ್ಟಿಗೆಯಲ್ಲಿಲ್ಲ. ಅಂಟಿಸಿದ ಜಾಗದ ಸುತ್ತ ಅದು ಬಿಳಿ ಮಂಜು ಕಟ್ಟುತ್ತದೆ, ಮತ್ತೆ ಬಿಚ್ಚಲು ಹೋದರೆ ಮರವೇ ಕಿತ್ತುಬರುತ್ತದೆ.

ಈಗ, ನಾನು ಇದನ್ನೆಲ್ಲ ಬರೆಯಲು ಕಾರಣವಾದ ಮನೆ. ನಾಲ್ಕು ಕೋಣೆ, 1:12ರ ಅಳತೆ, ಬಾಗಿಲು 17 ಸೆಂಟಿಮೀಟರ್, ಯಾವ ತಯಾರಕರ ಗುರುತೂ ಇಲ್ಲ. ಸಂದುಗಳ ಕೆಲಸ ನೋಡಿದರೆ ಮನೆಯವರೇ ಯಾರೋ ಕೂತು ಕಟ್ಟಿದ್ದು. ಮೊದಲ ರಾತ್ರಿ ಟಾರ್ಚು ಹಾಯಿಸಿದಾಗ ಪ್ರತಿ ಬಾಗಿಲಿನ ಪಕ್ಕ ಪೆನ್ಸಿಲ್ಲಿನ ಸಣ್ಣದೊಂದು ಚೌಕ ಕಂಡಿತು. ಉಗುರಿನಷ್ಟು ಚೌಕ, ನಡುವೆ ಅಕ್ಕಿಕಾಳಿನಂಥ ಗುಬುಟು, ಮೇಲೊಂದು ಕೆಳಗೊಂದು ಚುಕ್ಕೆ. ಸ್ವಿಚ್ಚು! ಚುಕ್ಕೆಗಳು ಸ್ಕ್ರೂಗಳು. ದೀಪವಿಲ್ಲದ ಮನೆಗೆ ಒಂದು ಮಗು ಕೋಣೆ ಕೋಣೆಗೂ ಸ್ವಿಚ್ಚು ಹಾಕಿಕೊಟ್ಟಿತ್ತು. ಪೆನ್ಸಿಲ್ ಗೆರೆಯ ಮೇಲೆ ಬೆರಳು ಸವೆದ ಹೊಳಪು ಇತ್ತು. ಆ ಮಗು ಸ್ವಿಚ್ಚು ಬರೆದು ಸುಮ್ಮನಾಗಿರಲಿಲ್ಲ, ಎಷ್ಟೋ ಸಲ ಒತ್ತಿತ್ತು.

ಮೇಲಿನ ಮಲಗುವ ಕೋಣೆಯ ವಾಲ್‌ಪೇಪರಿಗೆ ತೇವ ತಗುಲಿ ಬೂಷ್ಟು ಹಿಡಿದಿತ್ತು. ಅದನ್ನು ತೆಗೆಯದೆ ಬೇರೆ ದಾರಿ ಇರಲಿಲ್ಲ. ಒದ್ದೆ ಬ್ಲಾಟಿಂಗ್ ಕಾಗದವನ್ನು ಹತ್ತು ನಿಮಿಷ ಒತ್ತಿಟ್ಟು, ಚಪ್ಪಟೆ ಅಲಗಿನಿಂದ ಒಂದು ಮೂಲೆ ಎಬ್ಬಿಸಿದೆ. ಬಾಗಿಲಿನ ಹತ್ತಿರ ಬರುವಾಗ ಉಸಿರು ಬಿಗಿಹಿಡಿದಿದ್ದೆ. ಸ್ವಿಚ್ಚು ಇದ್ದ ತುಂಡು ಒಡೆಯದೆ ಇಡಿಯಾಗಿ ಬಂತು. ಅದರ ಕೆಳಗೆ, ಹಳೆಯ ಹೂಬಳ್ಳಿಯ ಕಾಗದದ ಮೇಲೆ, ಇನ್ನೊಂದು ಸ್ವಿಚ್ಚು ಇತ್ತು.

ನಾನು ಅಳತೆಪಟ್ಟಿ ತಂದೆ. ಮೇಲಿನ ಪದರದ್ದು ನೆಲದಿಂದ 10 ಸೆಂಟಿಮೀಟರ್ ಎತ್ತರದಲ್ಲಿ, ಪಟ್ಟಿ ಇಟ್ಟು ಎಳೆದ ನೇರ ಗೆರೆಗಳಲ್ಲಿತ್ತು. ನಿಜವಾದ ಮನೆಗೆ ಲೆಕ್ಕ ಹಾಕಿದರೆ 120 ಸೆಂಟಿಮೀಟರ್, ದೊಡ್ಡವರ ಮನೆಯಲ್ಲಿ ಸ್ವಿಚ್ಚು ಇರುವ ಎತ್ತರ. ಕೆಳಗಿನ ಪದರದ್ದು ಸೊಟ್ಟ ಚೌಕ, ಒಂದು ಮೂಲೆ ಕೂಡಿಲ್ಲ, ನೆಲದಿಂದ ಏಳೇ ಸೆಂಟಿಮೀಟರ್. ಅಂದರೆ ನಿಜದ ಮನೆಯಲ್ಲಿ 84. ಅದನ್ನು ಬರೆದ ಕೈಗೆ ಎಟಕುತ್ತಿದ್ದ ಎತ್ತರ ಬಹುಶಃ ಅಷ್ಟೇ. ಎರಡರ ನಡುವೆ ಎಷ್ಟು ವರ್ಷ ಕಳೆದವೋ. ನಾನು ಆ ರಾತ್ರಿ ಮುಂದೆ ಕೆಲಸ ಮಾಡಲಿಲ್ಲ.

ಯಾವ ಸ್ವಿಚ್ಚನ್ನು ಗೋಡೆಯ ಮೇಲೆ ಉಳಿಸುವುದು ಎಂದು ಎರಡು ವಾರ ಯೋಚಿಸಿದೆ. ಹೊಸ ಕಾಗದ ತಂದು ಅಂಟಿಸುವ ಆಲೋಚನೆ ಮೊದಲ ದಿನವೇ ಬಿಟ್ಟಿದ್ದೆ. ಕೊನೆಗೆ ಹೂಬಳ್ಳಿಯ ಕಾಗದವನ್ನೇ ಉಳಿಸಿಕೊಂಡೆ. ಅದು ಮೊದಲಿನದು, ಗಟ್ಟಿಯಾಗಿಯೂ ಇತ್ತು. ಹರಿದ ಕಡೆ ಮಾತ್ರ ತೆಳುವಾದ ಜಪಾನಿ ಕಾಗದವನ್ನು ಗಂಜಿಯಲ್ಲಿ ಅಂಟಿಸಿ, ಅದರ ಮೇಲೆ ಜಲವರ್ಣದಿಂದ ಹಿನ್ನೆಲೆಯ ಬಣ್ಣ ಕೊಟ್ಟೆ. ಹೂವನ್ನು ನಾನು ಬಿಡಿಸಿ ಪೂರ್ತಿ ಮಾಡಲಿಲ್ಲ. ಎಲ್ಲಿ ಕಳೆದಿದೆ ಎಂಬುದು ಹತ್ತಿರದಿಂದ ನೋಡಿದವರಿಗೆ ತಿಳಿಯಬೇಕು. ಮೇಲಿನ ಪದರದ ಸ್ವಿಚ್ಚಿನ ತುಂಡಿನಿಂದ ಬೂಷ್ಟನ್ನು ಕುಂಚದಲ್ಲಿ ತೆಗೆದು, ಒಣಗಿಸಿ, ಬ್ಲಾಟಿಂಗ್ ಕಾಗದದ ನಡುವೆ ಭಾರ ಹೇರಿ ಚಪ್ಪಟೆ ಮಾಡಿದೆ.

ಮನೆಗೆ ದೀಪ ಹಾಕಿ ಎಂದು ನೋಡಿದವರು ಹೇಳುತ್ತಾರೆ. ಕೆಲಸವೇನೂ ಕಷ್ಟದ್ದಲ್ಲ. ಗೋಡೆಯ ಮೇಲೆ ತಾಮ್ರದ ಪಟ್ಟಿ ಅಂಟಿಸಿ 12 ವೋಲ್ಟಿನ ಪುಟ್ಟ ಬಲ್ಬು ಉರಿಸುವುದನ್ನು ಬೇರೆ ಎರಡು ಮನೆಗಳಲ್ಲಿ ಮಾಡಿದ್ದೇನೆ, ಸಂಜೆಗೆ ಅವು ಬಹಳ ಚೆನ್ನಾಗಿ ಕಾಣುತ್ತವೆ. ಈ ಮನೆಗೆ ಮಾತ್ರ ತಂತಿ ಎಳೆಯುವುದಿಲ್ಲ.

ಮೇಲಿನ ಪದರದಿಂದ ತೆಗೆದ ಸ್ವಿಚ್ಚಿನ ತುಂಡು ಈಗ ಆಮ್ಲರಹಿತ ಕಾಗದದ ಲಕೋಟೆಯೊಂದರಲ್ಲಿದೆ. ಅದರೊಳಗೆ ನಾನು ಏನೇನು ತೆಗೆದೆ, ಯಾವ ಅಂಟು ಬಳಸಿದೆ, ಎಲ್ಲಿ ಬಣ್ಣ ಹಚ್ಚಿದೆ ಎಂಬ ಒಂದು ಪುಟದ ಟಿಪ್ಪಣಿಯೂ ಇದೆ. ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ಮೇಲಿನ ಮಲಗುವ ಕೋಣೆ, ಬಾಗಿಲಿನ ಎಡಕ್ಕೆ, ನೆಲದಿಂದ 10 ಸೆಂ.ಮೀ.’ ಎಂದು ಬರೆದು, ಹತ್ತಿಯ ಪಟ್ಟಿಯಿಂದ ಅಡಿಹಲಗೆಗೆ ಕಟ್ಟಿದ್ದೇನೆ. ಅಡುಗೆಕೋಣೆಯ ಚಾವಣಿ ಇನ್ನೂ ಬಾಕಿ ಇದೆ. ಅಲ್ಲಿಯ ಕಾಗದದ ಅಂಚಿನಲ್ಲೂ ಓರೆ ಬೆಳಕಿಗೆ ಎರಡು ಗೆರೆ ಕಾಣುತ್ತಿವೆ.